ಅವ್ವ ಬೆಳಗಿದ ಗಂಟೆ

ಗಂಟೆಯನ್ನು ಮೇಲೆತ್ತಿ ಒಳಗೆ ಟಾರ್ಚ್ ಬಿಟ್ಟು ನೋಡಿದ ಮ್ಯೂಸಿಯಮ್ಮಿನ ಅಧಿಕಾರಿ ಮತ್ತೊಮ್ಮೆ ಟಾರ್ಚ್ ಬಿಟ್ಟು ನೋಡಿದರು. ತೀರಿಹೋದ ನನ್ನ ಅಪ್ಪ ದುಡಿದಿದ್ದ ಹಡಗನ್ನು ಗುಜರಿಗೆ ಹಾಕಿ ಒಡೆದಾಗ ಅಪ್ಪನಿಗೆ ಸಿಕ್ಕಿದ್ದ ಹಿತ್ತಾಳೆ ಗಂಟೆ ಅದು. ನಾವಿರುವ ವಿಶಾಖಪಟ್ಟಣದ ಹಡಗು ಮ್ಯೂಸಿಯಮ್ಮಿಗೆ ಕೊಡಲೆಂದು ನಾನೂ ಅವ್ವನೂ ತಂದಿದ್ದೆವು.

"ಒಳಗೆ ಬಣ್ಣದಲ್ಲಿ ಏನಾದರೂ ಬರೆದಿತ್ತೇನಮ್ಮಾ?" ಎಂದು ಅವರು ತೆಲುಗಿನಲ್ಲಿ ಕೇಳಿದರು.

ತೆಲುಗು ತಿಳಿದರೂ ಆಡಲು ಬಾರದ ಧಾರವಾಡದ ಅವ್ವ ನನ್ನತ್ತ ತಿರುಗಿ ಹೆಮ್ಮೆಯಿಂದ, "ಕರ್ರಗ ಏನೋ ಮೆತ್ಕೊಂಡಿತ್ತು. ಕೊಡೋ ಸಾಮಾನು ಹಂಗ ಹೊಲಸ ಕೊಡೂದೇನು? ಹುಣಸಿಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿ ತಿಕ್ಕಿ ಬೆಳಗೀನಿ. ಹೇಳವಾ ಅವರಿಗೆ" ಎಂದಳು.

ಹೇಳಿದೆ. ಅಧಿಕಾರಿ ಅವ್ವನಿಗೆ ಕೈ ಮುಗಿದರು. ಆಮೇಲೆ ನನಗೊಬ್ಬಳಿಗೇ ಇಂಗ್ಲಿಷಿನಲ್ಲಿ ಮೆಲ್ಲಗೆ ತಿಳಿಸಿದರು: ಕೊನೆಯ ದಿನ ಆ ಹಡಗಿನವರೆಲ್ಲ ಗಂಟೆಯ ಒಳಗೆ ತಮ್ಮ ತಮ್ಮ ಕೈಯಾರೆ ಕಪ್ಪು ಬಣ್ಣದಲ್ಲಿ ಹೆಸರು ಬರೆದಿದ್ದರಂತೆ. ಮ್ಯೂಸಿಯಮ್ಮಿನವರು ಕಾಯುತ್ತಿದ್ದುದು ಆ ಹೆಸರುಗಳಿಗಾಗಿ.

ಈಗ ಊರಿನಿಂದ ನೆಂಟರು ಬಂದರೆ ಅವ್ವ ಸಿಂಹಾಚಲದ ದರ್ಶನ ಮುಗಿಸಿ ಅವರನ್ನು ಮ್ಯೂಸಿಯಮ್ಮಿಗೂ ಕರೆದೊಯ್ಯುತ್ತಾಳೆ. "ನೋಡ್ರಿ, ಎಲ್ಲಾದಕ್ಕಿಂತ ನಮ್ಮದ ಹೊಳೀತದ" ಎನ್ನುತ್ತಾಳೆ. ಅಳಿಸಿಹೋದ ಹೆಸರುಗಳಲ್ಲಿ ಅಪ್ಪನದೂ ಇತ್ತೆಂದು ಅವಳಿಗೆ ಹೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ.