ಬಾಯಲ್ಲಿ ಹತ್ತಿ ಇದ್ದಾಗಿನ ಕೂಗು

ಇಂಥ ಮಾತುಗಳನ್ನು ನಾನು ಯಾವತ್ತೂ ನಂಬಿದವಳಲ್ಲ. ನಲ್ಲಿಯ ಹತ್ತಿರ ಯಾರಾದರೂ ‘ನಮ್ಮತ್ತೆ ಸತ್ತ ಮೇಲೂ ಬಂದು ಬಾಗಿಲು ಬಡಿದರು’ ಎಂದು ಶುರು ಮಾಡಿದರೆ, ಒಲೆ ಮೇಲೆ ಹಾಲಿಟ್ಟಿದ್ದೇನೆ ಎಂದು ಕೊಡ ಎತ್ತಿಕೊಂಡು ಬಂದುಬಿಡುತ್ತಿದ್ದೆ. ಇಂಥವೆಲ್ಲ ರಾತ್ರಿ ಹೊತ್ತೇ ಏಕೆ ನಡೆಯುತ್ತವೋ ಎಂದು ನಗುತ್ತಿದ್ದೆ. ನನ್ನದು ನಡೆದದ್ದು ಚಳ್ಳಕೆರೆಯ ಬಿಸಿಲಲ್ಲಿ, ಭಾನುವಾರ, ಹೆಚ್ಚುಕಡಿಮೆ ಹನ್ನೆರಡು ಗಂಟೆಗೆ. ಹಾಲು ತಪ್ಪಿದ ದಿನ, ಸಿಲಿಂಡರ್ ಬಂದ ದಿನ, ಎಮ್ಮೆಗೆ ಇಂಜೆಕ್ಷನ್ ಹಾಕಿಸಿದ ದಿನ, ಎಲ್ಲವನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುವವಳು ನಾನು. ಆ ಭಾನುವಾರದ ಚೌಕದಲ್ಲಿ ‘ಹಲ್ಲು’ ಎಂದಷ್ಟೇ ಇದೆ. ಉಳಿದದ್ದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ. ಧೈರ್ಯವೂ ಇರಲಿಲ್ಲ.

ನಮ್ಮ ಯಜಮಾನರು ತಿಪ್ಪೇಸ್ವಾಮಿ, ಎಣ್ಣೆ ಮಿಲ್ಲಿನಲ್ಲಿ ಫಿಟರ್. ಐವತ್ತು ದಾಟಿದ ಮೇಲೆ ಒಂದು ಹಳೆಯ ಟರ್ಬೊ ಡೀಸೆಲ್ ಕಾರು ತಂದರು. ನನ್ನ ತವರು ಮೊಳಕಾಲ್ಮೂರಿಗೆ ಹೋಗುವಾಗ ಸಣ್ಣ ಏರು ಸಿಕ್ಕಿದರೂ ಅದು ದಮ್ಮಿನವರ ಹಾಗೆ ಏದುಸಿರು ಬಿಡುತ್ತಿತ್ತು. ಟರ್ಬೊದಿಂದ ಹೊಗೆಯನ್ನು ಕೆಳಗಿಳಿಸುವ ಪೈಪಿನೊಳಗೆ ಮಸಿ ಕಟ್ಟಿಕೊಂಡಿದೆ, ಬೇರೆ ಅಗಲವಾದ ಸ್ಟೀಲ್ ಪೈಪು ಹಾಕಿದರೆ ಗಾಡಿ ಉಸಿರಾಡುತ್ತದೆ ಎಂದು ಇವರು ಮೊಬೈಲಿನಲ್ಲಿ ನೋಡಿ ಒಂದನ್ನು ತರಿಸಿದರು. ಪಾರ್ಸೆಲ್ ಬಿಚ್ಚಿ, ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದರು.

“ಗರ್ ಅಂತ ಶಬ್ದ ಮಾಡ್ಕೊಂಡು ಊರಾಗೆ ತಿರುಗೋ ವಯಸ್ಸೇನ್ರಿ ಇದು?” ಎಂದೆ.

“ನಿನ್ನ ಬಾಯಿಗಿಂತ ಆ ಶಬ್ದಾನೇ ವಾಸಿ ಬಿಡೇ.”

ತಮಾಷೆಗೇ ಅಂದಿರಬೇಕು. ಆದರೂ ನನಗೆ ನಾಟಿತು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಬಾಯಿಗೆ ಕನ್ನಡಕ್ಕಿಂತ ಮೊದಲು ತೆಲುಗೇ ಬರುತ್ತಿತ್ತು. ಇವರನ್ನು ‘ಏಮಯ್ಯಾ, ಇಟ್ಲಾ ರಾ’ ಎಂದು ಕರೆಯುತ್ತಿದ್ದೆ. ಏನಯ್ಯಾ, ಇತ್ಲಾಗೆ ಬಾ ಎಂದು. ನಾದಿನಿಯರು ಅಣಕಿಸಿ ಅಣಕಿಸಿ ನಕ್ಕ ಮೇಲೆ ಅದನ್ನು ಬಿಟ್ಟು ‘ಏನ್ರಿ’ ಕಲಿತೆ. ಇಪ್ಪತ್ತೈದು ವರ್ಷ ಅದೇ ನಡೆಯಿತು. ಈಗ ಅದೂ ಬೇಡ ಎಂದುಕೊಂಡು ಮಾತೇ ನಿಲ್ಲಿಸಿದೆ. ನಾಲ್ಕು ದಿನ ಊಟಕ್ಕೆ ಕರೆದದ್ದು ತಟ್ಟೆ ಕುಕ್ಕಿದ ಸದ್ದಿನಲ್ಲೇ.

ಐದನೆಯ ದಿನ ದವಡೆ ಹಲ್ಲು ಕೀಳಿಸಲು ಒಬ್ಬಳೇ ಆಟೋ ಹತ್ತಿ ಹೋಗಿ ಬಂದೆ. ಡಾಕ್ಟರು ಹತ್ತಿ ತುರುಕಿ, “ಒಂದು ಗಂಟೆ ಕಚ್ಚಿ ಹಿಡ್ಕೊಳ್ಳಿ, ಮಾತಾಡಂಗಿಲ್ಲ” ಎಂದಿದ್ದರು. ಒಳ್ಳೆಯದೇ ಆಯಿತು ಅಂದುಕೊಂಡೆ.

ಮನೆಗೆ ಬಂದಾಗ ಅಂಗಳದಲ್ಲಿ ಕಾರಿನ ಮೂತಿ ಮೇಲೆದ್ದಿತ್ತು. ಮುಂದಿನ ಒಂದು ಗಾಲಿ ಬಿಚ್ಚಿತ್ತು. ಅಡಿಯಿಂದ ಇವರ ಎರಡು ಕಾಲಷ್ಟೇ ಕಾಣುತ್ತಿದ್ದವು. ನಮ್ಮ ಅಂಗಳದ್ದು ಸಡಿಲ ಮಣ್ಣು. ಜಾಕು ಹೂತುಹೋಗದಿರಲಿ ಎಂದು ಬೆಳಿಗ್ಗೆಯೇ ಅದರ ಕೆಳಗೆ ಎರಡು ಶೇಂಗಾ ಹಿಂಡಿ ಬಿಲ್ಲೆ ಇಟ್ಟಿದ್ದರು. ಬೇರೆ ಊರಿನವರು ಇದನ್ನು ಓದಿ ನಗಬಹುದು. ಎಣ್ಣೆ ತೆಗೆದು ಉಳಿದ ಹಿಂಡಿ ಒಣಗಿದರೆ ಕಲ್ಲೇ. ಎಮ್ಮೆಗೆ ನೆನೆಹಾಕಬೇಕಾದರೆ ಸುತ್ತಿಗೆ ಬೇಕು. ನಮ್ಮ ಬೀದಿಯಲ್ಲಿ ಅಲ್ಲಾಡುವ ಮಂಚದ ಕಾಲಿಗೂ ಅದೇ, ಬೈಕಿನ ಸ್ಟ್ಯಾಂಡಿಗೂ ಅದೇ. “ಕಲ್ಲಾದ್ರೆ ಜಾರ್ತೈತೆ, ಹಿಂಡಿ ಕಚ್ಕೊಂತೈತೆ” ಎನ್ನುವುದು ಇವರ ಶಾಸ್ತ್ರ.

ಗಾಲಿ ಬಿಚ್ಚಿದರೆ ಅದನ್ನು ಕಾರಿನಡಿಗೆ ಮಲಗಿಸಬೇಕು. ಜಾಕು ಜಾರಿದರೂ ಕಾರು ಗಾಲಿಯ ಮೇಲೆ ಕೂರುತ್ತದೆ, ಮನುಷ್ಯ ಉಳಿಯುತ್ತಾನೆ. ಇವರು ಪ್ರತಿ ಸಲ ಮರೆಯುತ್ತಾರೆ. “ಗಾಲಿ ಒಳಗಿಟ್ರಾ?” ಎಂದು ಪ್ರತಿ ಸಲ ಕೇಳುವವಳು ನಾನು. ಆ ದಿನ ಗಾಲಿ ಕಾಂಪೌಂಡಿಗೆ ಒರಗಿಕೊಂಡಿದ್ದನ್ನು ಕಣ್ಣಾರೆ ನೋಡಿದೆ. ಒಂದು ಡಬ್ಬಿ ಬಡಿದು ಕೈ ತೋರಿಸಿದ್ದರೂ ಸಾಕಿತ್ತು. ನನ್ನ ಬಾಯಿಗಿಂತ ಶಬ್ದವೇ ವಾಸಿಯಲ್ಲವೇ ಎಂದುಕೊಂಡು ಒಳಗೆ ಹೋದೆ.

ಪಾತ್ರೆ ತೊಳೆದ ನೀರನ್ನು ದಿನದ ಹಾಗೆ ಕರಿಬೇವಿನ ಪಾತಿಗೆ ಸುರಿದೆ. ಬೆಳಿಗ್ಗೆ ಬಟ್ಟೆ ಒಗೆದ ನೀರೂ ಅಲ್ಲಿಗೇ ಹೋಗಿತ್ತು. ಕಾರನ್ನು ಒಳಗೆ ತರುವಾಗ ಗಾಲಿ ಹತ್ತಿ ಪಾತಿಯ ಬದು ಮುರಿದದ್ದನ್ನು ಇಬ್ಬರೂ ನೋಡಿರಲಿಲ್ಲ. ಆಮೇಲೆ ನಾನು ಅಡುಗೆಮನೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂತೆ. ಐದು ನಿಮಿಷ ಆಗಿರಬಹುದು.

ಇವರು ಅಡುಗೆಮನೆ ಬಾಗಿಲಿಗೆ ಬಂದು ನಿಂತರು. “ಏನೇ, ಯಾಕೆ ಕೂಗ್ದೆ?”

ನಾನು ಬಾಯಿ ತೆರೆದು ಹತ್ತಿ ತೋರಿಸಿದೆ.

“ಆಟ ಆಡಬ್ಯಾಡ. ಏಮಯ್ಯಾ, ಇಟ್ಲಾ ರಾ ಅಂದ್ಯಲ್ಲ? ಕಡೇ ನಟ್ಟು ಬಿಗಿ ಮಾಡ್ತಿದ್ದೆ, ಸ್ಪ್ಯಾನರ್ ಅಲ್ಲೇ ಬಿಟ್ಟು ಬಂದೀನಿ.”

ಮುಖದ ತುಂಬ ಮಸಿ. ಆ ಮಸಿಯೊಳಗೆ ಒಂದು ಸಣ್ಣ ನಗು, ಅಂತೂ ಕರೆದಳಲ್ಲ ಎನ್ನುವಂಥದು. ಆ ನಗುವನ್ನು ನಾನು ಮರೆಯಲಾರೆ. ಇಲ್ಲ, ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಧಡ್ ಎಂದಿತು.

ಓಡಿ ಹೋಗಿ ನೋಡಿದರೆ ಜಾಕು ಮಗುಚಿತ್ತು. ಗಾಲಿಯಿಲ್ಲದ ಆ ಮೂಲೆ ನೆಲ ಕಚ್ಚಿತ್ತು. ಇವರು ತಲೆಯಿಟ್ಟು ಮಲಗಿದ್ದ ಗೋಣಿಚೀಲದ ತುದಿಯಷ್ಟೇ ಹೊರಗೆ ಕಾಣುತ್ತಿತ್ತು. ಹಿಂಡಿ ಬಿಲ್ಲೆಗಳು ಪಾತಿಯ ಮುರಿದ ಬದುವಿನಿಂದ ಹರಿದು ಬಂದ ನೀರು ಕುಡಿದು, ಪದರ ಪದರವಾಗಿ ಬಿಚ್ಚಿ, ಎಮ್ಮೆಯ ಬಾನಿಯಲ್ಲಿ ಕಾಣುವ ಹಾಗೆ ಮುದ್ದೆಯಾಗಿದ್ದವು.

ಸದ್ದಿಗೆ ಪಕ್ಕದ ಮನೆಯ ಶಾಹೀನಾ ಗೋಡೆಯ ಮೇಲೆ ತಲೆ ಹಾಕಿದಳು. “ಯಾ ಅಲ್ಲಾ! ಅಣ್ಣ ಗಾಡಿ ಅಡಿಗೆ ಇಲ್ಲ ತಾನೇ?” ಇವರನ್ನು ನೋಡಿ ಅವಳಿಗೆ ಉಸಿರು ಬಂತು. “ಸದ್ಯ, ಅಕ್ಕ ಕೂಗಿದ್ದು ಒಳ್ಳೇದಾತು. ಹಲ್ಲು ಕಿತ್ತಿಸ್ಕೊಂಡ್ರೂ ಅಕ್ಕನ ಬಾಯಿಗೆ ರಜಾ ಇಲ್ಲ, ಅದೂ ತೆಲುಗಲ್ಲಿ ಬೈತಾಳೆ ಅಂತ ಈಗ ನಗ್ತಿದ್ದೆ ನೋಡು.”

ಶಾಹೀನಾ ನಮ್ಮ ಪಕ್ಕಕ್ಕೆ ಬಂದು ಆರು ವರ್ಷ. ನಾನು ಇವರನ್ನು ಹಾಗೆ ಕರೆದದ್ದನ್ನು ಅವಳು ಒಮ್ಮೆಯೂ ಕೇಳಿದವಳಲ್ಲ.

ಇವರು ಜಗಲಿಯ ಮೇಲೆ ಕೂತರು. ನಾನು ಹತ್ತಿ ಉಗಿದು, ರಕ್ತದ ಬಾಯಲ್ಲೇ, “ನೀರು ಹಾಕಿದ್ದು ನಾನು ಕಣ್ರಿ” ಎಂದೆ. ನಾಲ್ಕು ದಿನದ ಮೇಲೆ ಆಡಿದ ಮೊದಲ ಮಾತು ಅದು.

“ಬದು ಮುರಿದಿದ್ದು ನಾನು. ಸುಮ್ನೆ ಕೂತ್ಕೋ,” ಎಂದು ಮಸಿ ಕೈಯಲ್ಲೇ ನನ್ನ ಊದಿದ ಕೆನ್ನೆ ಮುಟ್ಟಿದರು.

ಎಷ್ಟೋ ಸಲ ಯೋಚಿಸಿದ್ದೇನೆ. ಕರೆಯಲಿ ಎಂದು ಕಾಯುತ್ತಿದ್ದ ಇವರ ಕಿವಿಗೆ ಹಳೆಯ ಕೂಗು ಕೇಳಿರಬಹುದು ಎನ್ನೋಣ. ಶಾಹೀನಾಳ ಕಿವಿ ಏನನ್ನು ಕಾಯುತ್ತಿತ್ತು? ಬೀದಿಯಲ್ಲಿ ಯಾರೋ ಯಾರನ್ನೋ ಕರೆದಿರಬಹುದು ಎನ್ನೋಣ. ದನಿ ನನ್ನದೇ ಎಂದು ಇಬ್ಬರೂ ಆಣೆ ಇಡುತ್ತಾರೆ.

ಮುಂದಿನ ಭಾನುವಾರ ಮರದ ದಿಮ್ಮಿ ಇಟ್ಟು ಪೈಪಿನ ಕೆಲಸ ಮುಗಿಸಿದರು. ಈಗ ಮೊಳಕಾಲ್ಮೂರಿನ ದಾರಿಯಲ್ಲಿ ಕಾರು ಆರಾಮಾಗಿ ಏರು ಹತ್ತುತ್ತದೆ. ನಾನು ಹೆದರಿದಷ್ಟು ಶಬ್ದವೇನಿಲ್ಲ. ಇವರು ಕಾರಿನಡಿಗೆ ಹೋಗುವ ದಿನ ಗಾಲಿ ಒಳಗಿಟ್ಟದ್ದನ್ನು ನೋಡಿಯೇ ನಾನು ಅಡುಗೆಮನೆಗೆ ಹೋಗುವುದು. ಆಮೇಲೆ ಅಡಿಯಿಂದ ಇವರು, “ಒಂದ್ಸಲ ಕೂಗೇ” ಎನ್ನುತ್ತಾರೆ. ಕೂಗುತ್ತೇನೆ. ಅದೇ ‘ಏಮಯ್ಯಾ, ಇಟ್ಲಾ ರಾ’.

“ದನಿ ಅದೇ ಐತೆ ಕಣೇ,” ಎನ್ನುತ್ತಾರೆ. “ಆದ್ರೆ ಅವತ್ತು ಇಷ್ಟು ದೂರದಿಂದ ಬಂದಿರ್ಲಿಲ್ಲ. ಕಿವಿ ಪಕ್ಕದಾಗೇ ಇತ್ತು.”

ನೀರು ಹಾಕಿದವಳು ನಾನು; ಅದು ನನಗೆ ಗೊತ್ತು. ಕೂಗಿದ್ದು ಯಾರು ಎಂದು ನೀವು ಕೇಳಿದರೆ, ನನ್ನ ಬಾಯಲ್ಲಿ ಹತ್ತಿ ಇತ್ತು ಎಂದಷ್ಟೇ ಹೇಳಬಲ್ಲೆ.