ನೆಟ್ಟಗೆ ನೂರು ಮೀಟರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಖಾಲಿ ಮೈದಾನದಲ್ಲಿ ಸುಣ್ಣದಕ್ಕ ಆಗಲೇ ಮೂರನೆಯ ಗೆರೆಯಲ್ಲಿದ್ದಾರೆ. ಸೊಂಟ ಬಗ್ಗಿಸಿ, ಸುಣ್ಣದ ಪುಡಿ ತುಂಬಿದ ಗಾಲಿಡಬ್ಬಿ ತಳ್ಳುತ್ತಾ, ಕಟ್ಟಿದ ದಾರದಿಂದ ಕಣ್ಣು ಕೀಳದೆ ನಡೆಯುತ್ತಾರೆ. ಮಾತನಾಡಿಸಿದರೆ ತಲೆಯಷ್ಟೇ ಅಲ್ಲಾಡಿಸಿ ಮುಂದೆ ಸಾಗುತ್ತಾರೆ. ಗೆರೆ ಮುಗಿದ ಮೇಲೆ ಬೆನ್ನು ನೀವಿಕೊಂಡು, "ಈಗ ಕೇಳಿ. ಹರಟೆ ಹೊಡೀತಾ ಎಳೆದ್ರೆ ಗೆರೆನೂ ಹರಟೆ ಥರ ಎಲ್ಲೆಲ್ಲೋ ಹೋಗುತ್ತೆ" ಎನ್ನುತ್ತಾರೆ.

ನಾನೂರು ಮೀಟರ್ ಸುತ್ತಿನ ಟ್ರ್ಯಾಕಿನಲ್ಲಿ ಎಂಟು ಓಟಗಾರರಿಗೆ ಒಂಬತ್ತು ಗೆರೆ. ಎಲ್ಲ ಎಳೆದು ಮುಗಿಸಲು ನಾಲ್ಕು ಕಿಲೋಮೀಟರ್ ನಡಿಗೆ, ಮೂರು ಚೀಲ ಪುಡಿ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. "ಇಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗಲ್ಲ. ಮನೇಲಿ ಕ್ಯಾಲೆಂಡರ್ ನೇತುಹಾಕಿದ್ರೆ ಮಾತ್ರ ಸೊಟ್ಟ!" ಎಂದು ಗಂಡ ಕಾಲೆಳೆಯುತ್ತಾರೆ.

ಶಾಲೆಯಲ್ಲಿದ್ದಾಗ ಅಕ್ಕ ವಾಲಿಬಾಲ್ ಆಟಗಾರ್ತಿ. "ಚೆಂಡು ಬಿಟ್ವಾ, ಆರು ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಕ್ಕುಬಿಡ್ತಿದ್ವಿ. ಸೋಲು ಆರು ಪಾಲಾಗೋದು. ಓಡೋರಿಗೆ ಆ ಪುಣ್ಯ ಇಲ್ಲ. ಸೋತ್ರೂ ತಾನೇ, ಗೆದ್ರೂ ತಾನೇ. ಅದಕ್ಕೇ ನಂಗೆ ಓಟ ಅಂದ್ರೆ ಭಯ, ಅದಕ್ಕೇ ಇಷ್ಟ."

ಆ ಭಯ ಏನೆಂದು ಎರಡು ವರ್ಷದ ಹಿಂದೆ ಅವರಿಗೇ ತಟ್ಟಿತು. ಮೈದಾನದ ಅಳತೆ ಟೇಪಿನ ತುದಿ ಹರಿದಿತ್ತು. ಹತ್ತು ಸೆಂಟಿಮೀಟರ್ ಗುರುತಿನಿಂದ ಹಿಡಿದು, ಕೊನೆಯಲ್ಲಿ ಹತ್ತು ಸೇರಿಸಿಕೊಳ್ಳುವುದು ಅಲ್ಲಿನ ರೂಢಿ. ಅಂದು ಅಕ್ಕ ಸೇರಿಸಲು ಮರೆತರು. ನೂರು ಮೀಟರ್ ಓಟದಲ್ಲಿ ಊರಿನ ಓಟಗಾರ್ತಿಯೊಬ್ಬಳು ಹಳೆಯ ದಾಖಲೆ ಮುರಿದಳು. ತೀರ್ಪುಗಾರರು ಅಳೆದಾಗ ಟ್ರ್ಯಾಕ್ ಹತ್ತು ಸೆಂಟಿಮೀಟರ್ ಗಿಡ್ಡ. ದಾಖಲೆ ರದ್ದಾಯಿತು.

"ಕೆಲಸ ಬಿಡೋಣ ಅಂತ ಡಬ್ಬಿ ತೊಳೆದಿಟ್ಟಿದ್ದೆ. ಮಾರನೇ ದಿನ ಬೆಳಗ್ಗೇನೇ ಅವಳು ಬಂದಳು. ಬೈತಾಳೆ ಅಂದ್ಕೊಂಡೆ. 'ಅಕ್ಕಾ, ಇನ್ಮೇಲೆ ಟೇಪಿನ ಆ ತುದಿ ನಾನು ಹಿಡೀತೀನಿ' ಅಂದ್ಬಿಟ್ಟಳು."

ಈಗ ಅವಳಿಗೆ ಮೂವತ್ತೊಂದು. ಇವತ್ತಿನದು ಅವಳ ಕೊನೆಯ ಕ್ರೀಡಾಕೂಟ, ದಾಖಲೆಗೆ ಕೊನೆಯ ಅವಕಾಶ. ಬೆಳಗ್ಗೆ ಹೊಸ ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅಕ್ಕನ ಕೈಯಲ್ಲಿ.

"ಬಿಗಿಯಾಗಿ ಹಿಡಿಯೇ, ಜೋಲು ಬೀಳ್ತಿದೆ!"

"ನೀವು ಎಳೆದ್ರೆ ನಾನೇ ಅಲ್ಲಿಗೆ ಬಂದ್ಬಿಡ್ತೀನಿ ಅಕ್ಕಾ."

ಹತ್ತು ಗಂಟೆಗೆ ಓಟ. ಅಕ್ಕ ಸುಣ್ಣದ ಕೋಣೆಯ ಬಾಗಿಲಲ್ಲಿ ನಿಂತು ಓಡುವವರನ್ನು ನೋಡುವುದಿಲ್ಲ, ನೆಲ ನೋಡುತ್ತಾರೆ. ಚಪ್ಪಾಳೆ ಜೋರಾಗುತ್ತದೆ. ಎರಡು ಶತಾಂಶ ಸೆಕೆಂಡಿನಿಂದ ಅವಳು ದಾಖಲೆ ಮುರಿದಿದ್ದಾಳೆ! ಕೂಡಲೇ ತೀರ್ಪುಗಾರರು ತಮ್ಮದೇ ಟೇಪು ಹಿಡಿದು ಹೊರಡುತ್ತಾರೆ. ಅಕ್ಕನ ಬೆರಳು ಸೆರಗಿನ ತುದಿಯನ್ನು ಹಿಂಡುತ್ತಲೇ ಇರುತ್ತದೆ.

ಅಳತೆ ಮುಗಿಯುತ್ತದೆ. ಸರಿಯಾಗಿ ನೂರು. ಹಿರಿಯ ತೀರ್ಪುಗಾರರು ತಲೆಯಾಡಿಸಿ, ಟೇಪು ಸುತ್ತಿಕೊಂಡು, ಯಾರನ್ನೂ ಏನನ್ನೂ ಕೇಳದೆ ನಡೆದುಬಿಡುತ್ತಾರೆ.

ಅವರು ನಿಮ್ಮನ್ನು ಒಂದು ಮಾತಾದರೂ ಕೇಳಬಹುದಿತ್ತಲ್ಲ ಎಂದರೆ ಅಕ್ಕ ನಗುತ್ತಾರೆ.

"ಗೆರೆ ತಪ್ಪಿದ್ರೆ ತಾನೇ, ಯಾರು ಹಾಕಿದ್ದು ಅಂತ ಕೇಳೋದು?"