ನಲವತ್ತೊಂದು ಡಿಗ್ರಿಯ ನೀರು

ನಮ್ಮ ಮನೆಯಲ್ಲಿ ದಿನದ ಮೊದಲ ಏಟು ಬೀಳುತ್ತಿದ್ದುದು ಬಚ್ಚಲಲ್ಲಿ. ಅಪ್ಪ ಸ್ನಾನಕ್ಕೆ ಹೋಗಿ ಬಕೀಟಿನಲ್ಲಿ ಕೈ ಅದ್ದುವನು. ಅವ್ವ ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತಿರುವಳು. ಒಳಗಿನಿಂದ ಸದ್ದು ಬರದಿದ್ದರೆ ಆ ದಿನ ಬಚಾವು. ಸದ್ದು ಬಂದರೆ ಮೊದಲು ತಂಬಿಗೆ ಹಾರಿ ಬರುತ್ತಿತ್ತು, ಅದರ ಹಿಂದೆ ಅಪ್ಪ. ತಂಬಿಗೆ ಹಿತ್ತಾಳೆಯದು, ತೂಕದ್ದು. ಒಮ್ಮೆ ಅದು ಬಡಿದು ಅವ್ವನ ಎಡಗೈಯ ಎಲುಬು ಬಿರುಕು ಬಿಟ್ಟಿತ್ತು. ದವಾಖಾನೆಯಲ್ಲಿ ಅವಳು ಜಾರಿ ಬಿದ್ದೆ ಎಂದಳು.

ಇದು ಅರವತ್ತರ ದಶಕದ ಕೊನೆಯ ಮಾತು. ಗುಲಬರ್ಗಾ ಕಡೆಯವರಾದ ನಾವು ಮೂವರು ನಾಶಿಕದ ಪಂಚವಟಿಯಲ್ಲಿ, ಹಳೆಯ ವಾಡೆಯೊಂದರ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದೆವು. ಅಪ್ಪನಿಗೆ ಊರ ಹೊರಗಿನ ಕಾರಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಗಡಿಯಾರದಂಥ ಮಾಪಕಗಳ ಮುಳ್ಳು ಎಲ್ಲಿದೆ ಎಂದು ನೋಡುವುದು, ಗಂಟೆಗೊಮ್ಮೆ ಬರೆದಿಡುವುದು, ಮುಳ್ಳು ಕೆಂಪು ಗೆರೆ ದಾಟದಂತೆ ಕಾಯುವುದು. ಇಷ್ಟು ವರ್ಷದಲ್ಲಿ ಒಂದು ಸಲವೂ ದಾಟಗೊಟ್ಟಿಲ್ಲ ಎಂದು ಬಂದವರ ಮುಂದೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದ. ಆ ಗೆರೆಯನ್ನು ಮಾತ್ರ ಕಾರಖಾನೆಯಲ್ಲೇ ಬಿಟ್ಟು ಬರುತ್ತಿದ್ದ. ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ನಮ್ಮ ನೀರು ಕಾಯುತ್ತಿದ್ದುದು ತಾಮ್ರದ ಬಂಬದಲ್ಲಿ. ನಡುವೆ ಕೊಳವೆ, ಕೊಳವೆಯೊಳಗೆ ಕೆಂಡ, ಸುತ್ತ ನೀರು, ಕೆಳಗೊಂದು ನಲ್ಲಿ. ಕುದಿಯುವ ನೀರನ್ನು ಬಕೀಟಿಗೆ ಬಿಟ್ಟುಕೊಂಡು ತಣ್ಣೀರು ಬೆರಸಬೇಕು. ಹಾಗೆ ಬೆರಸುವ ತಣ್ಣೀರಿಗೆ ಮರಾಠಿಯಲ್ಲಿ ಒಂದು ಹೆಸರೇ ಇದೆ, ವಿಸಣ. ವಾಡೆಯ ಹೆಂಗಸರಿಂದ ಅವ್ವ ಆ ಮಾತು ಕಲಿತಿದ್ದಳು. ಏಟು ತಿಂದ ಮೇಲೆ "ಇವತ್ತ ವಿಸಣ ಹೆಚ್ಚಾತು" ಎನ್ನುತ್ತಿದ್ದಳು, ಇಲ್ಲವೇ "ವಿಸಣ ಕಡಿಮಿ ಬಿತ್ತು" ಎನ್ನುತ್ತಿದ್ದಳು. ಅಪ್ಪ ಹೊಡೆದ ಎಂದು ಅವಳ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಅಪ್ಪನ ಸ್ನಾನವಾದ ಮೇಲೆ ಬಂಬದ ಕೆಂಡ ಒಲೆಗೆ ಹೋಗುತ್ತಿತ್ತು, ಅವಳು ಉಳಿದ ತಣ್ಣೀರನ್ನು ಮೈಮೇಲೆ ಸುರಿದುಕೊಂಡು ಬರುತ್ತಿದ್ದಳು.

ಆ ವರ್ಷ ದೀಪಾವಳಿಗೆ ಅವ್ವ ನನ್ನನ್ನು ಕರೆದುಕೊಂಡು ಔರಂಗಾಬಾದಿಗೆ, ತನ್ನ ಅಣ್ಣನ ಮನೆಗೆ ಹೋದಳು. ಆ ಊರಿಗೆ ಈಗ ಸಂಭಾಜಿನಗರ ಎನ್ನುತ್ತಾರೆ. ಮಾಮಾ ಅಲ್ಲಿಯ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಸಾಮಾನು ನೋಡಿಕೊಳ್ಳುತ್ತಿದ್ದ. ಅವ್ವ ರೊಟ್ಟಿ ತಟ್ಟುವಾಗ ಸೆರಗು ಜಾರಿ ತೋಳಿನ ಕಲೆ ಅವನ ಕಣ್ಣಿಗೆ ಬಿತ್ತು.

"ಏನದು ತಂಗಿ?"

"ಏನಿಲ್ಲಣ್ಣಾ. ನೀರಿನ ಹದ ನಂಗ ತಿಳ್ಯಂಗಿಲ್ಲ. ಹದಿನೈದು ವರ್ಷಾತು, ಇನ್ನಾ ಕಲ್ತಿಲ್ಲ."

ಮಾಮಾ ರೊಟ್ಟಿ ಮುರಿದ. ಭಾವನಿಗೆ ಎರಡು ಸಾಲು ಕಾಗದ ಬರೆಯುವಷ್ಟು ಎದೆ ಅವನಿಗಿರಲಿಲ್ಲ. ಮರುದಿನ ಅವನು ನನ್ನ ಕೈಗೆ ಒಂದು ಬಿದಿರಿನ ಕೊಳವೆ ಕೊಟ್ಟ. ಒಳಗೆ ಹತ್ತಿಯಲ್ಲಿ ಸುತ್ತಿದ ಉಷ್ಣಮಾಪಕ ಇತ್ತು. ತನ್ನ ಸ್ವಂತದ್ದು, ಕಾಲೇಜಿನದಲ್ಲ ಎಂದು ಎರಡು ಸಲ ಹೇಳಿದ. ಅಂಗಳದಲ್ಲಿ ಮೂರು ಬೋಗುಣಿ ಇಟ್ಟು, ನನ್ನ ಒಂದು ಕೈಯನ್ನು ಬಿಸಿನೀರಿನಲ್ಲಿಯೂ ಇನ್ನೊಂದನ್ನು ತಣ್ಣೀರಿನಲ್ಲಿಯೂ ಸ್ವಲ್ಪ ಹೊತ್ತು ಇಡಿಸಿದ. ಆಮೇಲೆ ಎರಡನ್ನೂ ನಡುವಿನ ಉಗುರುಬೆಚ್ಚಗಿನ ನೀರಿಗೆ ಹಾಕು ಎಂದ. ಒಂದೇ ಬೋಗುಣಿಯ ನೀರು ಒಂದು ಕೈಗೆ ತಣ್ಣಗಿತ್ತು, ಇನ್ನೊಂದಕ್ಕೆ ಬಿಸಿಯಾಗಿತ್ತು.

"ಕೈಗೆ ಅಳತಿ ಬರಂಗಿಲ್ಲ ಯವ್ವಾ. ಶಾಖ ಕೈಯಿಂದ ಹೊಂಟದೋ, ಕೈಗೆ ಬರ್ಲತ್ತದೋ, ಅಷ್ಟೇ ಅದಕ್ಕ ಗೊತ್ತು. ಖರೇ ಹೇಳೋದು ಈ ಪಾದರಸ."

ನನಗೆ ಆಗ ಹದಿಮೂರು ವರ್ಷ. ಹೇಡಿ ಮಾಮಾ ಕೊಟ್ಟದ್ದಾದರೂ ಆ ಗಾಜಿನ ಕಡ್ಡಿ ನಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ ಎಂದು ಪೂರ್ತಿ ನಂಬಿದೆ. ಸರಿಯಾದ ಸಂಖ್ಯೆ ಯಾವುದೆಂದು ಗೊತ್ತಾದರೆ ಅವ್ವನಿಗೆ ಏಟು ತಪ್ಪುತ್ತದೆ, ಅಷ್ಟೇ ಅಲ್ಲವೇ.

ನಾಶಿಕಕ್ಕೆ ಮರಳಿದ ಮೇಲೆ ಹತ್ತು ದಿನ ಬರೀ ಅಳೆದೆ. ಅಪ್ಪ ಚಹಾ ಕುಡಿಯುವ ಹೊತ್ತಿಗೆ ಬಚ್ಚಲಿಗೆ ನುಗ್ಗುವುದು, ನೀರು ಕಲಕುವುದು, ಪಾದರಸ ನಿಲ್ಲುವ ತನಕ ಕಾಯುವುದು. ಕಲಕದಿದ್ದರೆ ಮೇಲಿನ ನೀರು ಬಿಸಿ, ತಳದ ನೀರು ತಣ್ಣಗೆ ಇರುತ್ತದೆ ಎಂಬುದೂ ಆಗಲೇ ತಿಳಿಯಿತು. ಭೂಗೋಳದ ವಹಿಯ ಕೊನೆಯ ಹಾಳೆಯಲ್ಲಿ ಸಂಖ್ಯೆ ಬರೆದು, ಏಟು ಬಿದ್ದ ದಿನ ಅದರ ಮುಂದೆ ಕಾಟು ಹೊಡೆದೆ, ಬೀಳದ ದಿನ ಸೊನ್ನೆ ಹಾಕಿದೆ. ನಲವತ್ತಾರಕ್ಕೆ ಏಟು ಬಿತ್ತು. ಮೂವತ್ತಾರಕ್ಕೂ ಬಿತ್ತು. ನಲವತ್ತೊಂದರ ಮುಂದೆ ಎರಡು ಸಲ ಸೊನ್ನೆ ಬಂತು. ಆ ಸಂಖ್ಯೆಯನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ.

ಅವ್ವನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಗಾಜಿನ ಮೇಲೆ ನಲವತ್ತೊಂದರ ಗೆರೆಗೆ ಸರಿಯಾಗಿ ಕೆಂಪು ದಾರ ಕಟ್ಟಿಕೊಟ್ಟೆ. ಅವಳು ಬಕೀಟಿನ ಮೇಲೆ ಬಗ್ಗಿ, ಬಟ್ಟಲಿನಿಂದ ಒಂದೊಂದೇ ಸಲ ವಿಸಣ ಹಾಕಿ, ಪಾದರಸ ಇಳಿದು ದಾರಕ್ಕೆ ಬರುವ ತನಕ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಎಂಟು ದಿನ ಏಟು ಬೀಳಲಿಲ್ಲ. ಎಂಟನೆಯ ದಿನ ಪಕ್ಕದ ಖೋಲಿಯ ಮುದುಕಿಗೆ ನಗುತ್ತ "ಆತಾ ಜಮ್ಲಂ ಮಲಾ" ಎಂದಳು, ಈಗ ನನಗೆ ಬಂತು ಎಂದು. ಅವಳ ಹಲ್ಲು ಇಷ್ಟು ಚೆಂದ ಎಂದು ನನಗೆ ಗೊತ್ತೇ ಇರಲಿಲ್ಲ.

ಒಂಬತ್ತನೆಯ ದಿನವೂ ಪಾದರಸ ದಾರಕ್ಕೆ ಬಂದು ನಿಂತದ್ದನ್ನು ಇಬ್ಬರೂ ನೋಡಿದ್ದೆವು. ಅಪ್ಪ ಒಳಗೆ ಹೋದ. ತಂಬಿಗೆ ಬಾಗಿಲಿಗೆ ಬಡಿದು ಹೊರಗೆ ಬಿತ್ತು.

"ಸುಟ್ಟು ಸಾಯಿಸ್ಬೇಕಂತ ಮಾಡೀ ಏನ?"

ಅವ್ವನ ತುರುಬು ಹಿಡಿದು ಒಳಗೆಳೆದ. ಮೊಣಕಾಲೂರಿಸಿ ಅವಳ ಮುಖವನ್ನು ಬಕೀಟಿನೊಳಗೆ ಅದುಮಿದ. ಅವಳ ಕೈಗಳು ಬಕೀಟಿನ ಅಂಚಿಗೆ ಬಡಿದುಕೊಂಡು ಬಳೆಗಳು ಒಡೆದವು. ಮೇಲೆತ್ತಿದ, ಅವಳು ಉಸಿರೆಳೆದುಕೊಳ್ಳುವ ಮೊದಲೇ ಮತ್ತೆ ಅದುಮಿದ. ಉಷ್ಣಮಾಪಕ ಹಿಡಿದುಕೊಂಡೇ ನಾನು ಒಳಗೆ ನುಗ್ಗಿದೆ.

"ನಲವತ್ತೊಂದು ಅವ ರೀ ಅಪ್ಪಾ. ನಿನ್ನೆನೂ ಇಷ್ಟೇ ಇದ್ವು, ಮೊನ್ನೆನೂ ಇಷ್ಟೇ. ನಿಮ್ಮ ಕೈ ಥಂಡ ಆಗ್ಯಾವ, ಅದಕ್ಕ ಸುಡ್ಲತ್ತಾವ ಅನಸ್ತದ."

ತಪ್ಪಿಸಿಕೊಳ್ಳಲು ನಾನೇ ಅವನಿಗೆ ಒಂದು ದಾರಿ ಮಾಡಿಕೊಟ್ಟಿದ್ದೆ. ಅವನು ತುರುಬು ಬಿಟ್ಟು ಮಾಪಕ ಕಸಿದುಕೊಂಡ. ಮತ್ತೆ ನೀರಿಗೆ ಅದ್ದಿದ, ತಡೆದ, ಬೆಳಕಿಗೆ ತಿರುಗಿಸಿ ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದ. ಹಾಗೆ ಓದುವುದು ಆ ಕೆಲಸ ಬಲ್ಲವರು ಮಾತ್ರ. ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಅವನ ಮುಖದಲ್ಲಿ ನನಗೆ ಕಂಡಿತು. ಮಾಪಕವನ್ನು ಬಂಬದ ಅಂಚಿಗೆ ಬಡಿದು ಮುರಿದ, ಅದೇ ಕೈಯಿಂದ ನನ್ನ ಕಿವಿಗೆ ಬಾರಿಸಿದ. ನಾನು ನೆಲಕ್ಕೆ ಬಿದ್ದೆ. ಪಾದರಸದ ಗುಂಡುಗಳು ನನ್ನ ಕಣ್ಣ ಮುಂದೆಯೇ ಉರುಳಿ ಮೋರಿಗೆ ಇಳಿದವು. ಆ ಎಡಗಿವಿ ಇವತ್ತಿಗೂ ಅರ್ಧ ಮಾತ್ರ ಕೇಳುತ್ತದೆ. ಅಪ್ಪ ಸ್ನಾನ ಮಾಡದೆಯೇ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದ.

ಅವ್ವ ಗೋಡೆಗೆ ಒರಗಿ ಕೂತಿದ್ದಳು, ಕೂದಲಿನಿಂದ ನೀರು ಸುರಿಯುತ್ತಿತ್ತು. ನಾನು ತೆವಳಿಕೊಂಡು ಅವಳ ಹತ್ತಿರ ಹೋದೆ. ಗೆದ್ದವಳಂತೆ ಹೇಳಿದೆ, "ನೋಡಿದಿ ಅಲ್ಲವ್ವಾ, ನಿಂದೇನೂ ತಪ್ಪಿಲ್ಲ. ನೀರು ಸರಿ ಇದ್ವು."

ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಇನ್ನೊಂದು ಕೆನ್ನೆಗೆ ಹೊಡೆದಳು. ನನ್ನ ಜೀವಮಾನದಲ್ಲಿ ಅವಳು ನನಗೆ ಹೊಡೆದದ್ದು ಅದೊಂದೇ ಸಲ.

"ನೀರಿನ ಸಲುವಾಗಿ ಹೊಡೀತಾರಂತ ತಿಳ್ಕೊಂಡಿದ್ದೆ," ಎಂದಳು. "ನೀರು ಸರಿ ಮಾಡಿದ್ರ ಮುಗೀತಿತ್ತು. ಈಗ ನಾ ಏನ್ ಸರಿ ಮಾಡ್ಲಿ, ಹೇಳ."

ಹದಿನೈದು ವರ್ಷ ಅವಳು ಹಿಡಿದುಕೊಂಡಿದ್ದ ಒಂದೇ ಒಂದು ಆಸರೆಯನ್ನು ನಾನು ಅಳೆದು ಅಳೆದು ಕಿತ್ತುಹಾಕಿದ್ದೆ. ಅವ್ವ ಎದ್ದಳು. ಒಡೆದ ಬಳೆ ಆಯ್ದಳು, ಅಡಿಗೆ ಮಾಡಿದಳು, ಬಂಬವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಎರಡು ಬಕೀಟು ಇದ್ದವು. ಒಂದರಲ್ಲಿ ಕುದಿದ ನೀರು, ಒಂದರಲ್ಲಿ ತಣ್ಣೀರು. ಅಪ್ಪ ಒಳಗೆ ಹೋದವನು ಹೊರಗೆ ಬಂದ.

"ಬೆರಸಿಲ್ಲೇನ?"

"ಇಲ್ರಿ. ವಿಸಣ ಅಲ್ಲೇ ಅದ. ನೀವೇ ಬೆರಸ್ಕೋರಿ."

ಅವನ ಕೈ ಮೇಲೆದ್ದಿತು. ಅವ್ವ ಆಗಷ್ಟೇ ಬಂಬದಿಂದ ತಂಬಿಗೆ ತುಂಬ ನೀರು ಹಿಡಿದಿದ್ದಳು. ಅದರಿಂದ ಹಬೆ ಏಳುತ್ತಿತ್ತು. ಅದನ್ನು ಅವಳು ಎತ್ತಲೂ ಇಲ್ಲ, ಕೆಳಗಿಡಲೂ ಇಲ್ಲ. ಸುರಿದುಬಿಡು ಅವ್ವಾ ಎಂದು ಮನಸ್ಸಿನಲ್ಲಿ ಕೂಗಿದ್ದು ನಿಜ, ಅದಕ್ಕೆ ನನಗೆ ನಾಚಿಕೆಯಿಲ್ಲ. ಅಪ್ಪ ಕೈ ಇಳಿಸಿ ಒಳಗೆ ಹೋದ. ತುಂಬ ಹೊತ್ತು ನೀರಿನ ಸದ್ದಾಯಿತು. ಹೊರಗೆ ಬಂದಾಗ ಅವನ ತುಟಿ ಕಪ್ಪಾಗಿತ್ತು, ದವಡೆ ನಡುಗುತ್ತಿತ್ತು.

"ಹ್ಯಾಂಗಿದ್ವು ನೀರು?" ಅವ್ವ ಕೇಳಿದಳು.

"ಸರಿ ಇದ್ವು," ಎಂದ.

ಏಟು ಅಲ್ಲಿಗೇ ನಿಂತಿತೆಂದು ಹೇಳಿದರೆ ಸುಳ್ಳಾಗುತ್ತದೆ. ಪಲ್ಯದ ಉಪ್ಪಿಗೆ ಬಿತ್ತು, ಅಂಗಿಯ ಗುಂಡಿಗೆ ಬಿತ್ತು. ಆದರೆ ತನ್ನದೇ ತಪ್ಪು ಎಂದು ಅವ್ವ ಆಮೇಲೆ ಯಾವತ್ತೂ ಹೇಳಲಿಲ್ಲ, ಅಪ್ಪನ ನೀರನ್ನೂ ಬೆರಸಲಿಲ್ಲ.

ಆ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಟ ಮೇಲೆ ನಾನು ಬಚ್ಚಲಿಗೆ ಇಣುಕಿದೆ. ತಣ್ಣೀರಿನ ಬಕೀಟು ಖಾಲಿಯಾಗಿತ್ತು. ಬಿಸಿನೀರಿನದು ಅಂಚಿನ ತನಕ ತುಂಬಿಕೊಂಡು ಹಬೆಯಾಡುತ್ತಿತ್ತು, ಅವನು ಅದನ್ನು ಮುಟ್ಟಿರಲೇ ಇಲ್ಲ. ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ ಹೊಸದಾಗಿ ವಿಸಣ ತಂದಳು, ತನ್ನ ಕೈಯಿಂದಲೇ ನೋಡಿ ನೋಡಿ ಬೆರಸಿದಳು. ಆಮೇಲೆ ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡಳು.